ಅಟ್ಟದ ಮೇಲಿನ ದನಿಗಳು

ಕರಪತ್ರ ಅಚ್ಚು ಹಾಕಿಸಲು ಮೊನ್ನೆ ನಮ್ಮ ಪ್ರೆಸ್ಸಿಗೆ ಬಂದ ಹುಡುಗನೊಬ್ಬನ ಸೊಂಟದಲ್ಲಿ ವಾಕ್‌ಮನ್ ನೇತಾಡುತ್ತಿತ್ತು. ನನಗೆ ನಗು ಬಂತು. ನಾವು ಗುಜರಿಗೆ ಹಾಕಿದ ಸಾಮಾನನ್ನು ಇವನು ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿ ತಂದಿದ್ದ. ಜೊತೆಗೆ ನಾಲ್ಕು ಇಂಗ್ಲಿಷ್ ಕ್ಯಾಸೆಟ್ಟು. "ಸೌಂಡು ಬೆಚ್ಚಗಿರುತ್ತೆ ಸಾರ್, ಫೋನಿನಲ್ಲಿ ಈ ಮಜಾ ಇಲ್ಲ" ಎಂದ. ಇರಲಿ, ಹುಡುಗರಿಗೆ ಯಾವುದರ ಮೇಲಾದರೂ ಹುಚ್ಚು ಇರಬೇಕು. "ಇದರಲ್ಲಿ ನೀನು ಏನು ರೆಕಾರ್ಡ್ ಮಾಡಿದ್ದೀಯ?" ಎಂದು ಕೇಳಿದೆ. "ರೆಕಾರ್ಡ್ ಬಟನ್ ಇಲ್ಲ ಸಾರ್, ಇದು ಬರೀ ಪ್ಲೇಯರ್" ಎಂದ.

ಹುಡುಗ ಹೇಳಿದ್ದು ಸರಿ. 1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ತಂದದ್ದೇ ಹಾಗೆ. ಪತ್ರಕರ್ತರು ಹಿಡಿದು ಓಡಾಡುತ್ತಿದ್ದ ತನ್ನದೇ ಸಣ್ಣ ರೆಕಾರ್ಡರಿನಿಂದ ರೆಕಾರ್ಡ್ ಮಾಡುವ ಭಾಗವನ್ನು ತೆಗೆದುಹಾಕಿ, ಇಯರ್‌ಫೋನು ಸಿಕ್ಕಿಸಿ ಮಾರಿತು. ಲೋಕವೆಲ್ಲ ಮರುಳಾಯಿತು. ಈಗ ಮತ್ತೆ ಕ್ಯಾಸೆಟ್ಟಿನ ಹುಚ್ಚು ಹತ್ತಿಸಿಕೊಂಡಿರುವ ನಮ್ಮ ಹುಡುಗರೂ ಹಿಡಿದುಕೊಂಡಿರುವುದು ಆ ಅರ್ಧವನ್ನೇ, ಕೇಳುವ ಅರ್ಧವನ್ನು. ಕ್ಯಾಸೆಟ್ಟಿನ ನಿಜವಾದ ತಾಕತ್ತು ಇದ್ದದ್ದು ಕೆಂಪು ಗುಂಡಿಯಲ್ಲಿ. ಆ ಗುಂಡಿಯ ಬಗ್ಗೆ ಈ ಸಲ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ.

ಕ್ಯಾಸೆಟ್ಟು ಹುಟ್ಟಿದ್ದು ಹಾಡಿಗಾಗಿ ಅಲ್ಲ, ಮಾತಿಗಾಗಿ. ಫಿಲಿಪ್ಸ್ ಕಂಪನಿಯ ಲೌ ಓಟೆನ್ಸ್ ಎಂಬ ಡಚ್ ಎಂಜಿನಿಯರು ಬೆಲ್ಜಿಯಮ್ಮಿನ ಹಾಸೆಲ್ಟ್ ಊರಿನ ಕಾರ್ಖಾನೆಯಲ್ಲಿ ಇದನ್ನು ಮಾಡಿಸಿದ. ರೆಕಾರ್ಡರು ಎಷ್ಟು ದೊಡ್ಡದಿರಬೇಕು ಎಂದು ತಿಳಿಯಲು ಒಂದು ಮರದ ತುಂಡನ್ನು ತನ್ನ ಕೋಟಿನ ಜೇಬಿಗೆ ಹಿಡಿಸುವ ಹಾಗೆ ಕತ್ತರಿಸಿಕೊಂಡಿದ್ದನಂತೆ. 1963ರಲ್ಲಿ ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಅದು ಹೊರಬಂತು. ಆ ಕಾಲದಲ್ಲಿ ಅದರಿಂದ ಬರುತ್ತಿದ್ದ ಸದ್ದು ಸಂಗೀತಕ್ಕೆ ಏನೂ ಸಾಲದು, ಮಾತು ಹಿಡಿದಿಡಲು ಧಾರಾಳ ಸಾಕು. ಆಮೇಲೆ ಫಿಲಿಪ್ಸ್ ಈ ನಮೂನೆಯನ್ನು ಬೇರೆ ಕಂಪನಿಗಳಿಗೂ ದುಡ್ಡು ಕೇಳದೆ ಬಿಟ್ಟುಕೊಟ್ಟಿತು. ಆದ್ದರಿಂದಲೇ ಜಪಾನಿನ ಕ್ಯಾಸೆಟ್ಟು ಜರ್ಮನಿಯ ಡೆಕ್ಕಿನಲ್ಲೂ ಕುಂದಾಪುರದ ಟೂ-ಇನ್-ಒನ್ನಿನಲ್ಲೂ ಒಂದೇ ಥರ ಓಡಿತು. ಓಟೆನ್ಸ್ 2021ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ಪೇಪರುಗಳಲ್ಲಿ ಅವನಿಗೆ ಸಿಕ್ಕಿದ್ದು ಮೂಲೆಯ ನಾಲ್ಕು ಸಾಲು.

ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ಹಾಡೆಂದರೆ ಗ್ರಾಮಫೋನ್ ತಟ್ಟೆ, ತಟ್ಟೆಯೆಂದರೆ ನಾಯಿ ಮಾರ್ಕಿನ ಒಂದೇ ದೊಡ್ಡ ಕಂಪನಿ. ಅದರ ಕಾರ್ಖಾನೆ ಇದ್ದದ್ದು ಕಲ್ಕತ್ತಾದ ಡಂಡಂನಲ್ಲಿ. ಧಾರವಾಡದವನು ಹಾಡಲಿ, ಮೈಸೂರಿನವನು ಹಾಡಲಿ, ತಟ್ಟೆಯಾಗಬೇಕಾದರೆ ಎಷ್ಟು ಖರ್ಚಾಗುತ್ತೆ, ಎಷ್ಟು ಪ್ರತಿ ಮಾರುತ್ತೆ ಎಂಬ ಲೆಕ್ಕದಲ್ಲಿ ಪಾಸಾಗಬೇಕಿತ್ತು. ಕ್ಯಾಸೆಟ್ಟು ಈ ಬೇಲಿಯನ್ನು ಮುರಿಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಮೈಸೂರು ಅನಂತಸ್ವಾಮಿಯವರ ರಾಗ. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಅದು. ಆಮೇಲೆ ಅಶ್ವಥ್ ದನಿಯಲ್ಲಿ ಶಿಶುನಾಳ ಷರೀಫರು ಟೀ ಅಂಗಡಿಗೆ ಬಂದರು, ಗುರುರಾಜುಲು ನಾಯ್ಡು ಅವರ ಹರಿಕಥೆ ರಾಮನವಮಿ ಚಪ್ಪರಕ್ಕೆ ಬಂತು, ಧೀರೇಂದ್ರ ಗೋಪಾಲ್ ಲಾರಿ ಡ್ರೈವರುಗಳನ್ನು ನಗಿಸಿಕೊಂಡು ಊರೂರು ಸುತ್ತಿದರು. ಕವಿತೆಯ ಪುಸ್ತಕವನ್ನು ಜನ್ಮದಲ್ಲಿ ಮುಟ್ಟದವನ ಬಾಯಲ್ಲೂ ಕವಿತೆ ನಿಂತಿತು. ಈ ಕೆಲಸವನ್ನು ಯಾವ ಅಕಾಡೆಮಿಯೂ ಮಾಡಿರಲಿಲ್ಲ, ಇಷ್ಟುದ್ದದ ಕಂದು ರಿಬ್ಬನ್ನು ಮಾಡಿತು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಓದಿರುವುದು ಪಿಯುಸಿ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿ ಇಡುವ ಕಾರ್ಡು ನಮ್ಮ ಅಪ್ಪನ ಕಾಲದಿಂದ ನಮ್ಮ ಪ್ರೆಸ್ಸಿಗೆ ಅನ್ನ ಹಾಕಿದೆ. ಮುಂದಿನ ಪುಟ ನಾಲ್ಕಿಂಚು, ಬೆನ್ನು ಬರೀ ಅರ್ಧ ಇಂಚು. ಆ ಅರ್ಧ ಇಂಚಿನಲ್ಲಿ 'ಶ್ರೀ ಕ್ಷೇತ್ರ ಮಹಾತ್ಮ್ಯೆ' ಎಂದು ಹೊಂದಿಸಿ ನೋಡಿ, ಒತ್ತಕ್ಷರದ ಮೇಲೆ ಒತ್ತಕ್ಷರ ಬಂದು ಮಹಡಿ ಮನೆ ಕಟ್ಟಿದ ಹಾಗೆ ಆಗುತ್ತೆ. ಇಂಗ್ಲಿಷಿನವನಿಗೆ ಈ ಫಜೀತಿ ಇಲ್ಲ. ಐನೂರು ಕಾರ್ಡು ಹಾಕಿಸಿಕೊಳ್ಳುವವರು ಎಂಥೆಂಥವರು! ಊರ ದೇವಸ್ಥಾನದ ಕಮಿಟಿ, ಭಜನಾ ಮಂಡಳಿ, ಮಠದ ಪ್ರವಚನದವರು, ಚುನಾವಣೆ ಬಂದರೆ ಸಿನಿಮಾ ಧಾಟಿಗೆ ಪಕ್ಷದ ಹಾಡು ಕಟ್ಟಿಸುವವರು. ಹಾಡು ಚೆನ್ನಾಗಿತ್ತೋ ಇಲ್ಲವೋ ಬೇರೆ ಮಾತು, ಬಹಳಷ್ಟು ಚೆನ್ನಾಗಿರಲಿಲ್ಲ. ಆದರೆ ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಊರಿನ ಕನ್ನಡದಲ್ಲಿ ಅವರು ಹಾಡಿದರು, ಅದು ಪಕ್ಕದ ತಾಲ್ಲೂಕಿಗೂ ಕೇಳಿಸಿತು.

ಇವೆಲ್ಲ ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟು. ನಾನು ಹೇಳಬೇಕೆಂದಿರುವುದು ಮಾರಾಟಕ್ಕೆ ಬಾರದ ಕ್ಯಾಸೆಟ್ಟಿನ ಸಂಗತಿ.

ನಮ್ಮ ಮೂಲ ಕುಂದಾಪುರದ ಕಡೆ. ಅಲ್ಲಿ ಯಕ್ಷಗಾನದ ಹುಚ್ಚಿನವರು ಆಟಕ್ಕೆ ಹೋಗುವಾಗ ಚಾಪೆಯ ಜೊತೆ ಟೇಪ್ ರೆಕಾರ್ಡರನ್ನೂ ಒಯ್ಯುತ್ತಿದ್ದರು. ರಂಗಸ್ಥಳದ ಹತ್ತಿರ ಜಾಗ ಹಿಡಿದು, ಭಾಗವತರ ಕಡೆ ಮುಖ ಮಾಡಿ ಯಂತ್ರ ಇಡುವುದು. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು ಹಾಡುತ್ತಾರೆಂದರೆ ಮುಗಿಯಿತು, ಹೊಸ ಸಿ-90 ಕ್ಯಾಸೆಟ್ಟು ಎರಡಾದರೂ ಬೇಕು. ಪದ್ಯದ ಮಧ್ಯೆ ಒಂದು ಬದಿ ಮುಗಿದರೆ ಮಗುಚಿ ಹಾಕುವಷ್ಟರಲ್ಲಿ ಅರ್ಧ ಸಾಲು ಹೋಗುತ್ತಿತ್ತು, ಆ ದುಃಖ ಅನುಭವಿಸಿದವನಿಗೇ ಗೊತ್ತು. 1990ರ ಮೇ ತಿಂಗಳಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಮೂವತ್ತು ದಾಟಿ ಹೆಚ್ಚೇನೂ ಆಗಿರಲಿಲ್ಲ. ಇವತ್ತು ಯೂಟ್ಯೂಬಿನಲ್ಲಿ ಅವರ ದನಿ ಕೇಳಿ ನೋಡಿ, ಎಷ್ಟೋ ಕಡೆ ಚಂಡೆಯ ಹಿಂದೆ ಜನರ ಗದ್ದಲ, ಮಗುವಿನ ಅಳು, ಯಾರದೋ ಕೆಮ್ಮು ಕೇಳುತ್ತದೆ. ಅದು ಸ್ಟುಡಿಯೋ ಅಲ್ಲ, ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕೂತ ಅಭಿಮಾನಿಯ ಟೇಪು. ಅವನು ಆ ರಾತ್ರಿ ಕೆಂಪು ಗುಂಡಿ ಒತ್ತಿರದಿದ್ದರೆ ನಮಗೆ ಇಷ್ಟೂ ದಕ್ಕುತ್ತಿರಲಿಲ್ಲ.

ಅದೇ ಊರುಗಳಿಂದ ಗಂಡಸರು ಬೊಂಬಾಯಿಯ ಹೋಟೆಲುಗಳಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದರು. ಫೋನು ದುಬಾರಿ. ಪತ್ರ ಬರೆಯೋಣವೆಂದರೆ ಅಮ್ಮಂದಿರಿಗೆ ಅಕ್ಷರ ಬಾರದು. ಪತ್ರ ಬರೆದುಕೊಡುವ ಮಾಸ್ತರರ ಎದುರು ಸೊಸೆಯ ಮೇಲಿನ ದೂರು ಹೇಳುವುದಕ್ಕಾಗುತ್ತದೆಯೇ? ಕ್ಯಾಸೆಟ್ಟು ಬಂದ ಮೇಲೆ ಅವರಿಗೂ ಕಾಗದ ಬರೆಯಲು ಬಂತು. ನನ್ನ ಚಿಕ್ಕಪ್ಪ ಮಸ್ಕತ್ತಿನಲ್ಲಿದ್ದರು. ಊರಿಗೆ ಬಂದುಹೋಗುವವರ ಕೈಲಿ ಅವರ ಕ್ಯಾಸೆಟ್ಟು ಬರುತ್ತಿತ್ತು, ಅಜ್ಜಿಯದು ಹೋಗುತ್ತಿತ್ತು. ಅಜ್ಜಿ ರೆಕಾರ್ಡರಿನ ಎದುರು ಕೂತು, ಅದು ದೂರದ ಊರು ಎಂಬ ಲೆಕ್ಕದಲ್ಲಿ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದರು. "ಹ್ವಾಯ್ ಮಾಣಿ, ಕೇಣ್ತಾ ಇತ್ತಾ?" ಎಂದು ಶುರು ಮಾಡಿ, ಉತ್ತರಕ್ಕೆ ಕಾದು, ಮುಂದುವರಿಸುತ್ತಿದ್ದರು. ಯಾವ ಗದ್ದೆಗೆ ಎಷ್ಟು ನೀರು, ಯಾರ ಮನೆ ಮಾತು ಮುರಿಯಿತು, ಯಾರು ಸತ್ತರು, ನಡುವೆ ಒಂದು ಶೋಭಾನೆ ಹಾಡು. ಚಿಕ್ಕಪ್ಪ ಆ ಕ್ಯಾಸೆಟ್ಟುಗಳನ್ನು ಒಂದೂ ಬಿಸಾಡದೆ 1995ರಲ್ಲಿ ಊರಿಗೆ ಮರಳುವಾಗ ತಂದರು. ಒಂದು ಚೀಲ ಪೂರ್ತಿ.

ಆ ಚೀಲ ನನ್ನ ಕೈಗೆ ಸಿಕ್ಕಿತು. 1996ರಲ್ಲಿ ನಾನು ಪಿಯುಸಿ. 'ಜನುಮದ ಜೋಡಿ'ಯ ಹಾಡು ಬೀದಿ ಬೀದಿಯಲ್ಲಿ ಮೊಳಗುತ್ತಿದ್ದ ವರ್ಷ. ಪಕ್ಕದ ಮನೆಯಲ್ಲಿ ಎರಡು ಕ್ಯಾಸೆಟ್ಟಿನ ಡೆಕ್ ಇತ್ತು. ಖಾಲಿ ಕ್ಯಾಸೆಟ್ಟಿಗೆ ನನ್ನ ಹತ್ತಿರ ಕಾಸಿಲ್ಲ. ಅಜ್ಜಿಯ ಕ್ಯಾಸೆಟ್ಟುಗಳ ಮೇಲೆ ಬೇರೆ ಯಾರೂ ರೆಕಾರ್ಡ್ ಮಾಡಬಾರದೆಂದು ಚಿಕ್ಕಪ್ಪ ಹಿಂಬದಿಯ ಎರಡೂ ಹಲ್ಲು ಮುರಿದಿದ್ದರು. ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ನನಗೆ ಗೊತ್ತಿತ್ತು. ಹನ್ನೊಂದು ಕ್ಯಾಸೆಟ್ಟಿಗೆ ಸೆಲ್ಲೋಟೇಪ್ ಅಂಟಿಸಿದೆ. ಎರಡು ವರ್ಷಕ್ಕೆ ಅಜ್ಜಿ ಹೋದರು. ಚಿಕ್ಕಪ್ಪ ಆ ಚೀಲ ಕೇಳಿದ ದಿನ ನಾನು ಮನೆಯಲ್ಲಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಇದ್ದೆ. ಒಂದು ಕ್ಯಾಸೆಟ್ಟಿನ ಬಿ ಬದಿಯಲ್ಲಿ, ಹಾಡು ಮುಗಿದ ಮೇಲೆ, ಕೊನೆಯ ನಾಲ್ಕು ನಿಮಿಷ ಅಜ್ಜಿ ಉಳಿದಿದ್ದಾರೆ. ಕಪ್ಪು ದನ ಕರು ಹಾಕಿದ್ದರ ವರದಿ, ಒಂದು ಕೆಮ್ಮು, ಶೋಭಾನೆಯ ಒಂದೂವರೆ ಸಾಲು. ಅಷ್ಟೇ.

ಆ ಹಾಡು ಇವತ್ತೂ ಎಲ್ಲಿ ಬೇಕಾದರೂ ಸಿಗುತ್ತೆ ಗೆಳೆಯರೆ, ಫೋನಿನಲ್ಲಿ ಬೆರಳಿಟ್ಟರೆ ಬರುತ್ತೆ. ಅಜ್ಜಿಯ ಕುಂದಗನ್ನಡ ಎಲ್ಲಿ ಸಿಗುತ್ತೆ? ಯಾವ ನಿಘಂಟಿನಲ್ಲೂ ಸೇರದ ಮಾತು, ಗದರಿಕೆ, ರಾಗ ಆ ಹನ್ನೊಂದು ಕ್ಯಾಸೆಟ್ಟಿನಲ್ಲಿತ್ತು. ಅದನ್ನು ಅಳಿಸಿದ್ದು ಹಿಂದಿಯೂ ಅಲ್ಲ, ಇಂಗ್ಲಿಷೂ ಅಲ್ಲ.

ಇಂಥ ಚೀಲಗಳು ಕರ್ನಾಟಕದ ಎಷ್ಟು ಅಟ್ಟಗಳ ಮೇಲಿವೆಯೋ! ತಿಪಟೂರಿನ ಸೋಬಾನೆ, ಗುಲ್ಬರ್ಗದ ಮದುವೆ ಮನೆಯ ಮಾತು, ಕೊಡಗಿನ ಅಜ್ಜನ ಕಥೆ. ನಮ್ಮ ಸಂಘಗಳ ಕಪಾಟಿನಲ್ಲೇ ನೋಡಿ: ಗೋಕಾಕ್ ಚಳವಳಿಯ ದಿನಗಳಿಂದ ಇತ್ತೀಚಿನವರೆಗೆ ನಡೆದ ಸಭೆಗಳ ಭಾಷಣವನ್ನು ಯಾರೋ ಒಬ್ಬ ಪುಣ್ಯಾತ್ಮ ರೆಕಾರ್ಡ್ ಮಾಡಿಟ್ಟಿರುತ್ತಾನೆ. ಕನ್ನಡಕ್ಕಾಗಿ ಗಂಟಲು ಹರಿದುಕೊಂಡವರ ಗಂಟಲೇ ಅಲ್ಲಿ ಬೂಜು ಹಿಡಿಯುತ್ತಿದೆ. ನವೆಂಬರಿನಲ್ಲಿ ಅದೇ ಕಪಾಟಿನಿಂದ ಬಾವುಟ ತೆಗೆಯುತ್ತೇವೆ, ಕ್ಯಾಸೆಟ್ಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸುತ್ತೇವೆ.

ದನಿ ಹಿಡಿದಿಟ್ಟವರು ಇಲ್ಲದೆ ಇಲ್ಲ. ಎಚ್.ಎಲ್. ನಾಗೇಗೌಡರು ಜನಪದ ಕಲಾವಿದರನ್ನು ಹುಡುಕಿ ಹುಡುಕಿ ಹಾಡಿಸಿ, ಧ್ವನಿಮುದ್ರಿಸಿ, ವಿಡಿಯೋ ಮಾಡಿಸಿ ಇಟ್ಟರು. ರಾಮನಗರದ ಜಾನಪದ ಲೋಕ 1994ರಲ್ಲಿ ಬಾಗಿಲು ತೆರೆಯಿತು. ತುಳುವಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. 15,683 ಸಾಲು! 1998ರಲ್ಲಿ ಅದು ಫಿನ್ಲೆಂಡಿನಲ್ಲಿ ಅಚ್ಚಾಯಿತು. ಅಷ್ಟು ದೂರದವನು ಬಂದು ಒಬ್ಬರ ಬಾಯಿಂದ ಇಷ್ಟು ತೆಗೆದನೆಂದರೆ, ನಮ್ಮ ನಮ್ಮ ಮನೆಯಲ್ಲೇ ಇರುವುದನ್ನು ನಾವು ತೆಗೆಯಬಾರದೇ?

ಫೋನಿನಲ್ಲೇ ರೆಕಾರ್ಡರು ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ನಿಮ್ಮ ಅಮ್ಮ ಹೋದ ವರ್ಷ ಕಳಿಸಿದ ವಾಯ್ಸ್ ಮೆಸೇಜನ್ನು ಈಗ ಹುಡುಕಿ ನೋಡೋಣ. ಫೋನು ಬದಲಾಯಿಸಿದಾಗಲೇ ಹೋಯಿತು. ಕ್ಯಾಸೆಟ್ಟು ನಲವತ್ತು ವರ್ಷ ಮಾಡಿನ ಕೆಳಗೆ ಕೂತು ಕಾದಿದೆ, ಇನ್ನು ಹೆಚ್ಚು ದಿನ ಕಾಯುವುದಿಲ್ಲ. ಕರಾವಳಿ, ಮಲೆನಾಡಿನ ಥಂಡಿಗೆ ಟೇಪಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಒಳಗಿನ ಸಣ್ಣ ಬಟ್ಟೆಯ ಒತ್ತು ಉದುರುತ್ತದೆ. ಅದಕ್ಕಿಂತ ಮೊದಲು ಸಾಯುವುದು ಯಂತ್ರ. ಸೋನಿ 2010ರಲ್ಲಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ನಿಲ್ಲಿಸಿತು. ಅದೇ ಕಂಪನಿ 1992ರಲ್ಲಿ ಕ್ಯಾಸೆಟ್ಟಿನ ಜಾಗಕ್ಕೆಂದು ತಂದ ಮಿನಿಡಿಸ್ಕ್ ನಮ್ಮ ಬೀದಿಗೆ ಸರಿಯಾಗಿ ಬರಲೇ ಇಲ್ಲ, ಅದರ ಖಾಲಿ ಡಿಸ್ಕುಗಳ ತಯಾರಿಕೆಯೂ 2025ರ ಫೆಬ್ರವರಿಗೆ ಮುಗಿಯಿತು. ಹಳೆಯ ಒಳ್ಳೆಯ ಡೆಕ್ಕಿನ ಬೆಲ್ಟು ಕರಗಿ ಅಂಟಾಗಿದೆ, ಅದನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗಿದೆ.

ಆದ್ದರಿಂದ ವಾಕ್‌ಮನ್ ಹುಚ್ಚಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಆಸೆಯಿದೆ. ಬೆಲ್ಟು ಎಲ್ಲಿ ಸಿಗುತ್ತೆ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಹೇಗೆ ಒರೆಸಬೇಕು, ದನಿ ಮಂಕಾದರೆ ಹೆಡ್ಡಿನ ಪಕ್ಕದ ಸ್ಕ್ರೂ ಎಷ್ಟು ತಿರುಗಿಸಬೇಕು ಎಂದು ಇವತ್ತು ತಲೆ ಕೆಡಿಸಿಕೊಂಡಿರುವವರು ಅವರೇ. ಅವರಿಗೊಂದು ಮಾತು: ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಸಿಕ್ಕ ಕ್ಯಾಸೆಟ್ಟನ್ನು ಕೂಡಲೇ ಹಾಕಿ ಕೇಳುವ ಆತುರ ಬೇಡ, ಬೂಷ್ಟು ಬಂದಿದ್ದರೆ ಡೆಕ್ಕೂ ಕೆಡುತ್ತೆ, ಟೇಪೂ ಹರಿಯುತ್ತೆ. ಮೊದಲು ಹಿಂಬದಿಯ ಹಲ್ಲು ಮುರಿಯಿರಿ. ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ, ಟೇಪು ಬಿಡಿಬಿಡಿಯಾಗಿ ಬರುತ್ತದೆಯೇ ನೋಡಿ. ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಮಾಡಿ ಕುಗ್ಗಿಸಬೇಡಿ, 24 ಬಿಟ್ಟಿನ ವೇವ್ ಫೈಲಾಗಿ ಇಡಿ, ಎರಡು ಕಡೆ ಇಡಿ. ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಕನ್ನಡದಲ್ಲೇ ಬರೆದಿಡಿ. ಹೆಸರಿಲ್ಲದ ದನಿ ಹತ್ತು ವರ್ಷದಲ್ಲಿ ಯಾರದ್ದೂ ಅಲ್ಲದಂತಾಗುತ್ತೆ. ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಒಂದು ಡೆಕ್ ಇದೆ. ಮೊನ್ನೆಯ ಆ ಹುಡುಗನೇ ಬೆಲ್ಟು ಬದಲಾಯಿಸಿ ಸರಿ ಮಾಡಿಕೊಟ್ಟಿದ್ದಾನೆ. ಅದರಲ್ಲಿ ಮೊದಲು ಇಳಿಸಿದ್ದು ಆ ನಾಲ್ಕು ನಿಮಿಷವನ್ನು. ಕರುವಿನ ವರದಿ ಮುಗಿದು, ಅಜ್ಜಿ ಶೋಭಾನೆ ಎತ್ತಿಕೊಂಡು, ಎರಡನೆಯ ಸಾಲಿನ ನಡುವೆ ಟೇಪು ಮುಗಿಯುತ್ತದೆ. ಆ ಹಾಡು ಪೂರ್ತಿ ಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಭಾನುವಾರ ಪ್ರೆಸ್ಸಿಗೆ ರಜೆ, ಡೆಕ್ಕಿಗೆ ಇಲ್ಲ. ಕ್ಯಾಸೆಟ್ಟು ಇರುವವರು ಬನ್ನಿ.