ಒಡೆಯನಿಲ್ಲದ ಮನೆಯ ನಾಯಿಗೆ ದಿಕ್ಕು ಯಾರು?

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಿಂದ ಹೈದರಾಬಾದ್, ಪುಣೆ, ಮುಂಬೈಗಳಿಗೆ ದುಡಿಮೆ ಅರಸಿ ಹೋಗುವುದು ಹೊಸತಲ್ಲ. ಮಕ್ಕಳು ನಗರ ಸೇರಿದ ಮೇಲೆ ಹಿರಿಯರ ಒಂಟಿತನಕ್ಕೆ ಜೊತೆಯಾಗುವುದು ಹಲವೆಡೆ ಒಂದು ನಾಯಿ. ಅದರ ಆಯಸ್ಸು ಸಾಮಾನ್ಯವಾಗಿ 10ರಿಂದ 15 ವರ್ಷ. ಎಪ್ಪತ್ತರ ಹೊಸ್ತಿಲಲ್ಲಿರುವವರು ಮರಿಯೊಂದನ್ನು ತಂದು ಸಾಕಿದರೆ, ಅದು ಅವರ ನಂತರವೂ ಬದುಕಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಆಗ ಅದರ ಹೊಣೆ ಯಾರದು?

ಕಾನೂನಿನ ದೃಷ್ಟಿಯಲ್ಲಿ ಸಾಕುಪ್ರಾಣಿ ಒಡೆಯನ ಸ್ವತ್ತು; ಸ್ವತ್ತು ವಾರಸುದಾರನಾಗಲಾರದು. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರವೂ ಆಸ್ತಿ ಹೊಂದಲು ಅರ್ಹನಾದ ವ್ಯಕ್ತಿಯೇ ಫಲಾನುಭವಿ ಆಗಬಲ್ಲ. ಆದ್ದರಿಂದ ನಾಯಿಯ ಹೆಸರಿಗೆ ಹಣ ಬರೆಯುವಂತಿಲ್ಲ; ಅದನ್ನು ನೋಡಿಕೊಳ್ಳುವವರಿಗೆ ಹಣ ಬಿಟ್ಟು ಆರೈಕೆಯ ಹೊಣೆ ವಹಿಸಬಹುದು, ಅಷ್ಟೆ. 2024ರ ಅಕ್ಟೋಬರ್ 9ರಂದು ನಿಧನರಾದ ಉದ್ಯಮಿ ರತನ್ ಟಾಟಾ ತಮ್ಮ ನಾಯಿ ಟಿಟೊನ ಆರೈಕೆಗೆ ಉಯಿಲಿನಲ್ಲಿ ವ್ಯವಸ್ಥೆ ಮಾಡಿದ್ದರೆಂಬ ವರದಿಗಳು ಈ ವಿಷಯವನ್ನು ಸಾರ್ವಜನಿಕರ ಗಮನಕ್ಕೆ ತಂದವು.

ಉಯಿಲು ಬರೆಯಲು ಸಿರಿವಂತಿಕೆ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಅಗತ್ಯ, ನೋಂದಣಿ ಕಡ್ಡಾಯವಲ್ಲ. ಆದರೆ ಅದು ಜಾರಿಗೆ ಬರುವುದು ಮರಣಾನಂತರ. ಒಡೆಯ ಪಾರ್ಶ್ವವಾಯುವಿಗೆ ತುತ್ತಾಗಿ ತಿಂಗಳುಗಟ್ಟಲೆ ಕಲಬುರಗಿಯ ಆಸ್ಪತ್ರೆಯಲ್ಲಿದ್ದರೆ, ಹುಮನಾಬಾದಿನ ಮನೆಯಲ್ಲಿ ಉಳಿದ ನಾಯಿಯ ಅಂದಿನ ಊಟಕ್ಕೆ ಉಯಿಲಿನಿಂದ ಪ್ರಯೋಜನವಿಲ್ಲ. ಬಂಧುಗಳಲ್ಲೋ ನೆರೆಯವರಲ್ಲೋ ಒಬ್ಬರ ಒಪ್ಪಿಗೆ ಪಡೆದು, ಲಸಿಕೆಯ ದಾಖಲೆ, ಆಹಾರ-ಔಷಧಿಗಳ ವಿವರ ಹಾಗೂ ಕೆಲವು ತಿಂಗಳ ಖರ್ಚನ್ನು ಮೊದಲೇ ಅವರ ಕೈಗೆ ಒಪ್ಪಿಸುವುದೇ ವಿವೇಕ.

ಇಂಥ ಏರ್ಪಾಡು ಇಲ್ಲದಿದ್ದರೆ ನಾಯಿ ಬೀದಿಪಾಲಾಗುತ್ತದೆ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು, ನೀರಡಿಕೆಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯ್ದೆ ಗೊತ್ತುಪಡಿಸಿದ ದಂಡ ಕೇವಲ 10ರಿಂದ 50 ರೂಪಾಯಿ. ಇಷ್ಟಕ್ಕೆ ಯಾರೂ ಅಂಜುವುದಿಲ್ಲ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯ ಬದುಕು ಗೊತ್ತಿರುವುದಿಲ್ಲ. ಲಸಿಕೆ ತಪ್ಪಿದರೆ ರೇಬಿಸ್ ಭೀತಿ ಊರಿಗೂ ತಟ್ಟುತ್ತದೆ.

ಜಿಲ್ಲೆಗೆ ಸೌಲಭ್ಯಗಳಿಲ್ಲವೆಂದಲ್ಲ. 2004ರ ಕಾಯ್ದೆಯಡಿ ರೂಪುಗೊಂಡ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. ಈ ಸೀಮೆ ದೇವಣಿ ತಳಿಯ ತವರು. ದುಡಿದು ಮುದಿಯಾದ ಎತ್ತಿಗೆ ಕೊನೆಯವರೆಗೂ ಮೇವು ಹಾಕುವುದು ಋಣವೆಂದು ಬಗೆಯುವ ರೈತರಿಗೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಮುಂದಾಲೋಚನೆಯದು. ಸ್ಥಳೀಯ ಸಂಸ್ಥೆಗಳು ಸಾಕುನಾಯಿ ನೋಂದಣಿಯ ಅರ್ಜಿಯಲ್ಲಿ ಬದಲಿ ಪಾಲಕರ ಹೆಸರನ್ನೂ ಕೇಳಿದರೆ, ಮರಿಯನ್ನು ಮನೆಗೆ ತರುವ ದಿನವೇ ಈ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಸರ್ಕಾರದ ಬೊಕ್ಕಸದಿಂದ ದೊಡ್ಡ ಖರ್ಚೇನೂ ಆಗದು.