ಕನ್ನಡಿಯ ಎದುರು ಗೋಡೆ
ಕನ್ನಡಿಯ ಸುತ್ತ ಏನು ತೂಗುಹಾಕಬೇಕು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಎದುರಿನ ಗೋಡೆಯನ್ನು. ಅಲ್ಲಿ ಚಪ್ಪಲಿ ಸ್ಟ್ಯಾಂಡಿದ್ದರೆ ಕನ್ನಡಿ ಅದನ್ನೇ ಎರಡಾಗಿಸುತ್ತದೆ. ಕಿಟಕಿಯಿದ್ದರೆ ಇಡೀ ಹಜಾರಕ್ಕೆ ಬೆಳಕು. ಆಳೆತ್ತರದ ಗಾಜಿಗೆ ದುಡ್ಡು ಸುರಿಯಬೇಕಿಲ್ಲ. ನಿಮ್ಮ ಎತ್ತರದ ಅರ್ಧದಷ್ಟಿದ್ದು, ಮೇಲಂಚು ಕಣ್ಣಿಗೂ ನೆತ್ತಿಗೂ ನಡುವಿನ ಮಟ್ಟಕ್ಕೆ ಬಂದರೆ ಮುಡಿಯಿಂದ ಅಡಿಯವರೆಗೆ ಕಾಣುತ್ತೀರಿ. ಉಳಿದ ಗೋಡೆ ಅಲಂಕಾರಕ್ಕೆ. ಹುಬ್ಬಳ್ಳಿಯ ಮನೆಯೊಂದರಲ್ಲಿ ಅಜ್ಜಿಯ ಹರಿದ ಇಳಕಲ್ ಸೀರೆಯ ಸೆರಗನ್ನು, ಕೆಂಪಿನ ನಡುವಿನ ಬಿಳಿ ತೆನೆಗಳು ಕಾಣುವಂತೆ, ಉದ್ದಕ್ಕೆ ಕತ್ತರಿಸಿ ಕಟ್ಟು ಹಾಕಿಸಿ ಕನ್ನಡಿಯ ಪಕ್ಕ ತೂಗುಬಿಟ್ಟಿದ್ದರು. ಕೆಳಗೆ ಕುಂಕುಮದ ಭರಣಿಗೆ ಗೇಣುದ್ದದ ಹಲಗೆ. ಅಷ್ಟೇ, ಎಷ್ಟು ಲಕ್ಷಣವಾಗಿತ್ತು! ಪ್ಲಾಸ್ಟಿಕ್ ಹೂಬಳ್ಳಿ, ಮಿಣುಕು ದೀಪದ ಸರ ನನಗೆ ಸೇರುವುದಿಲ್ಲ, ಧೂಳು ಹಿಡಿಯುತ್ತವೆ. ದೀಪವನ್ನು ತಲೆಯ ಮೇಲಿಡದೆ ಎರಡೂ ಪಕ್ಕ ಮುಖದ ಮಟ್ಟಕ್ಕೆ ಹಾಕಿಸಿ, ಕಣ್ಣಿನ ಕೆಳಗೆ ನೆರಳು ಬೀಳದು. ಮಲೆನಾಡು, ಕರಾವಳಿಯವರು ಮಾತ್ರ ಕನ್ನಡಿಯನ್ನು ಗೋಡೆಗೆ ಅಂಟಿಸಲೇಬೇಡಿ. ಮಳೆಗಾಲದ ತೇವ ಹಿಂಬದಿಯ ಬೆಳ್ಳಿ ಲೇಪಕ್ಕೆ ಇಳಿದರೆ ಅಂಚಿನಿಂದ ಕಪ್ಪು ಕಲೆ ಹರಡುತ್ತದೆ. ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಕೊಟ್ಟು ಹಿಂದೆ ಗಾಳಿಯಾಡಲು ಜಾಗ ಬಿಡಿ.