ಕುರ್ಚಿಯಲ್ಲಿ ಕೂತವನ ಕಾಯಿಲೆ
ಮಸೀದಿಯಲ್ಲಿ ಹರೆಯದ ಹುಡುಗನೊಬ್ಬ ಕುರ್ಚಿಯಲ್ಲಿ ಕೂತು ನಮಾಝ್ ಮಾಡಿದರೆ ಸಾಕು, ಸಲಾಂ ಮುಗಿಯುವುದೇ ತಡ, ನಮ್ಮೆಲ್ಲರ ಕಣ್ಣು ಅತ್ತ. 'ನಡೆದೇ ಬಂದನಲ್ಲ, ನಿಲ್ಲಲಿಕ್ಕೆ ಏನಂತೆ?' ಬೆನ್ನುಮೂಳೆಯ ನೋವು, ಹೃದಯದ ತೊಂದರೆ ಯಾರ ಹಣೆಯಲ್ಲೂ ಬರೆದಿರುವುದಿಲ್ಲ. ಇಮ್ರಾನ್ ಬಿನ್ ಹುಸೈನ್(ರ) ಅವರಿಗಿದ್ದದ್ದು ಮೂಲವ್ಯಾಧಿ. ಅದೇನು ಹೊರಗೆ ಕಾಣುವ ಕಾಯಿಲೆಯೇ? ನಿಲ್ಲಲಾಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅವರಿಗೆ ಹೇಳಿಕೊಟ್ಟದ್ದು ಸಹೀಹ್ ಬುಖಾರಿಯಲ್ಲಿದೆ. ಮದ್ರಸದಲ್ಲಿ ನಾವು ಸಣ್ಣ ಮಕ್ಕಳಿಗೆ ಕಲಿಸುವ ಪಾಠವಿದು, ದೊಡ್ಡವರಿಗೇ ಮರೆತುಹೋಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ತಲಸೇಮಿಯಾ, ಹಿಮೋಫಿಲಿಯಾದಂಥ ಕಣ್ಣಿಗೆ ಕಾಣದವನ್ನು ವೈಕಲ್ಯವೆಂದೇ ಒಪ್ಪಿದೆ. ನಮ್ಮ ಮನೆಗಳಲ್ಲಾದರೋ, ಮಗಳ ಮೂರ್ಛೆರೋಗದ ಮಾತ್ರೆಯನ್ನು ಉಮ್ಮ ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಡುತ್ತಾಳೆ, ನೆರೆಯವರ ಬಾಯಿಗೆ ಬಿದ್ದು ಮದುವೆ ಸಂಬಂಧ ತಪ್ಪೀತೆಂದು.